ಶ್ವಾಸನಳಿಕೆ: ಅದರ ಅಪಾಯಗಳೂ ನಿವಾರಣೋಪಾಯಗಳೂ
(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯನ್ನು ದೃಷ್ಟಿಯಲ್ಲಿಟ್ಟು)

೧. ವಿಷಯಪ್ರವೇಶ

ತಾನಾಗಿ ಉಸಿರಾಡಲಾರದ ರೋಗಿಯ ಬಾಯಿಂದ ಗಂಟಲಿನ ಮಾರ್ಗವಾಗಿ ಶ್ವಾಸನಾಳದೊಳಕ್ಕೆ ಒಂದು ಕೊಳವೆಯನ್ನಿಳಿಸಿ, ಅದರ ಹೊರತುದಿಗೆ ಚೀಲವನ್ನಾಗಲಿ ಯಂತ್ರವನ್ನಾಗಲಿ ಜೋಡಿಸಿ ಶ್ವಾಸಕೋಶಗಳಿಗೆ ವಾಯುವನ್ನೊದಗಿಸುವ ಕ್ರಮವು ಇಂದಿನ ವೈದ್ಯದಲ್ಲಿ ನಿತ್ಯದ ಮಾತಾಗಿದೆ. ಈ ಕೊಳವೆಯನ್ನು ಪ್ರಕೃತ ಲೇಖನದಲ್ಲಿ ಶ್ವಾಸನಳಿಕೆಯೆಂದು ಕರೆಯುವೆವು. ಆಸ್ಪತ್ರೆಯವರ ಬಾಯಲ್ಲಿ ಇದು ‘ಟ್ಯೂಬು’; ರೋಗಿಯ ಮನೆಯವರ ಬಾಯಲ್ಲಿ ‘ಪೈಪು’. ಹೆಸರು ಯಾವುದಾದರೂ ಆಗಲಿ, ಪ್ರಾಣವನ್ನುಳಿಸಬಲ್ಲ ಈ ಸಾಧನವು ಎಡೆತಪ್ಪಿದಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣವನ್ನು ತೆಗೆಯಬಲ್ಲದು.

ವೈದ್ಯಕ್ಕೆ ಸೇರಿದ ವಿಷಯವನ್ನು ಸಾಹಿತ್ಯದ ಅಧ್ಯಾಪಕರೂ ವಿದ್ವಾಂಸರೂ ಓದುವ ಪತ್ರಿಕೆಯಲ್ಲಿಡುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ನಳಿಕೆಯು ಸರಿಯಾದ ಎಡೆಯಲ್ಲಿದೆಯೆಂದು ನಂಬುವುದು ಬೇರೆ, ತಿಳಿಯುವುದು ಬೇರೆ. ಈ ವಿಷಯದ ಅಪಾಯಗಳಲ್ಲಿ ಅತಿ ಘೋರವಾದುದು ಇವೆರಡರ ಅಂತರವನ್ನು ಮರೆತುದರಿಂದ ಹುಟ್ಟುವುದು. ಆದುದರಿಂದ ಇದು ಪ್ರಮಾಣವಿಚಾರವೂ ಹೌದು. ಎರಡನೆಯದು, ಈ ಅಪಾಯಗಳ ನಿವಾರಣೆಯಲ್ಲಿ ಉಪಕರಣಕ್ಕಿರುವಷ್ಟೇ ಪಾಲು ಮಾತಿಗೂ ಇದೆ. ವೈದ್ಯನು ದಾದಿಗೆ, ಒಂದು ಆಸ್ಪತ್ರೆಯು ಮತ್ತೊಂದಕ್ಕೆ, ವೈದ್ಯನು ಮನೆಯವರಿಗೆ ಹೇಳಬೇಕಾದುದನ್ನು ತಕ್ಕ ಹೊತ್ತಿನಲ್ಲಿ ತಕ್ಕ ಪದಗಳಿಂದ ಹೇಳದಿರುವುದೂ ಒಂದು ಅಪಾಯವೇ. ಈ ಎರಡು ಮಾತುಗಳನ್ನು ಸ್ಥಾಪಿಸುವುದೇ ಲೇಖನದ ಉದ್ದೇಶ.

೨. ಶರೀರರಚನೆ

ಗಂಟಲಿನ ಆಳದಲ್ಲಿ ಎರಡು ದಾರಿಗಳು ಕವಲಾಗುವುವು. ಮುಂದಿನದು ಶ್ವಾಸನಾಳ, ಅದರ ಬೆನ್ನಿಗೆ ಹೊಂದಿಕೊಂಡಿರುವುದು ಅನ್ನನಾಳ. ಶ್ವಾಸನಾಳದ ಬಾಯಲ್ಲಿ ಧ್ವನಿಪೆಟ್ಟಿಗೆಯಿದೆ. ಅದರೊಳಗೆ ಎರಡು ಧ್ವನಿತಂತುಗಳು. ಮೇಲುಗಡೆ ಎಲೆಯ ಆಕಾರದ ಒಂದು ಮುಚ್ಚಳ. ನಾವು ಅನ್ನ ನುಂಗುವಾಗ ಈ ದ್ವಾರ ಮುಚ್ಚಿಕೊಂಡು, ಮಾತಾಡುವಾಗಲೂ ಉಸಿರಾಡುವಾಗಲೂ ತೆರೆದಿರುವುದು. ವೈದ್ಯನು ದೀಪವುಳ್ಳ ಲೋಹದ ಅಲಗಿನಿಂದ ನಾಲಗೆಯ ಬುಡವನ್ನೆತ್ತಿ, ಎರಡು ಧ್ವನಿತಂತುಗಳನ್ನು ಕಣ್ಣಾರೆ ಕಂಡು, ಅವುಗಳ ನಡುವೆ ನಳಿಕೆಯನ್ನು ತೂರಿಸತಕ್ಕದ್ದು. ಈ ಉಪಕರಣಕ್ಕೆ ಲ್ಯಾರಿಂಗೋಸ್ಕೋಪೆಂದು ಹೆಸರು. ನಳಿಕೆಯು ಧ್ವನಿತಂತುಗಳ ನಡುವೆ ಹಾಯ್ದಿರುವುದರಿಂದ, ಅದು ಇರುವಷ್ಟು ಕಾಲ ರೋಗಿಗೆ ಮಾತು ಹೊರಡದು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಪ್ರಾಯದವರ ಶ್ವಾಸನಾಳದ ಉದ್ದ ಸುಮಾರು ೧೦ರಿಂದ ೧೨ ಸೆಂಟಿಮೀಟರು ಮಾತ್ರ. ಆಮೇಲೆ ಅದು ಎಡಬಲಗಳಿಗೆ ಕವಲೊಡೆಯುವುದು. ಬಲಗವಲು ಅಗಲವಾಗಿಯೂ ಹೆಚ್ಚು ನೇರವಾಗಿಯೂ ಇರುವುದರಿಂದ, ಮಿತಿಮೀರಿ ಇಳಿದ ನಳಿಕೆಯು ಸಾಮಾನ್ಯವಾಗಿ ಬಲಕ್ಕೇ ಹೊಗುವುದು. ಆಗ ಎಡ ಶ್ವಾಸಕೋಶಕ್ಕೆ ವಾಯುವಿಲ್ಲ. ನಳಿಕೆಯ ಮೈಮೇಲೆ ಸೆಂಟಿಮೀಟರಿನ ಗುರುತುಗಳಿವೆ. ಹಲ್ಲಿನ ಸಾಲಿನ ಬಳಿ ಹೆಂಗಸರಿಗೆ ಸುಮಾರು ೨೧, ಗಂಡಸರಿಗೆ ಸುಮಾರು ೨೩ ಎಂಬ ಗುರುತು ಕಂಡರೆ ಆಳ ಸರಿಯಾಗಿದೆಯೆಂದು ಸ್ಥೂಲವಾಗಿ ಎಣಿಸಬಹುದು. ಒಳತುದಿಯ ಹತ್ತಿರ ಗಾಳಿ ತುಂಬಿದರೆ ಉಬ್ಬುವ ಒಂದು ಉಂಗುರವಿದ್ದು, ಅದು ನಳಿಕೆಗೂ ನಾಳದ ಗೋಡೆಗೂ ನಡುವಣ ಸಂದನ್ನು ಮುಚ್ಚುವುದು.

೩. ಪೂರ್ವೇತಿಹಾಸ

ಪ್ರಾಣಿಯ ಶ್ವಾಸನಾಳದಲ್ಲಿ ಜೊಂಡಿನ ಕೊಳವೆಯನ್ನಿಟ್ಟು ಊದಿದರೆ ಪ್ರಾಣ ನಿಲ್ಲುವುದೆಂದು ವೆಸೇಲಿಯಸರು ೧೫೪೩ರ ತಮ್ಮ ಶರೀರಶಾಸ್ತ್ರಗ್ರಂಥದಲ್ಲಿಯೇ ಬರೆದಿದ್ದರು. ಆದರೆ ಮನುಷ್ಯನ ಬಾಯಿಂದ ಈ ನಳಿಕೆಯನ್ನಿಳಿಸುವ ಕ್ರಮವು ನೆಲೆಗೊಂಡುದು ಮೂರು ಶತಮಾನಗಳ ಬಳಿಕ. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂಎನ್ನರು ತಮ್ಮ ಪ್ರಯೋಗಗಳನ್ನು ೧೮೮೦ರಲ್ಲಿ ಪ್ರಕಟಿಸಿದರು. ಅಲ್ಲಿಂದ ಐದು ವರ್ಷಕ್ಕೆ ನ್ಯೂಯಾರ್ಕಿನ ಜೋಸೆಫ್ ಓಡ್ವಯರರು, ಮಕ್ಕಳನ್ನು ಉಸಿರುಕಟ್ಟಿಸಿ ಕೊಲ್ಲುತ್ತಿದ್ದ ಗಂಟಲಮಾರಿಗೆ ಈ ಉಪಾಯವನ್ನು ಬಳಸಿದರು. ೧೯೨೮ರಲ್ಲಿ ಗೆಡೆಲ್ ಮತ್ತು ವಾಟರ್ಸರು ಗಾಳಿಯುಂಗುರವುಳ್ಳ ನಳಿಕೆಯನ್ನೂ, ೧೯೪೩ರಲ್ಲಿ ಆಕ್ಸ್‌ಫರ್ಡಿನ ಮ್ಯಾಕಿಂಟಾಷರು ಇಂದಿಗೂ ಬಳಕೆಯಲ್ಲಿರುವ ಬಾಗಿದ ಅಲಗನ್ನೂ ಬೆಳಕಿಗೆ ತಂದರು.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಪಾಠ ೧೯೫೨ರದು. ಆ ವರ್ಷ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ವ್ಯಾಧಿ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳಿಂದ ಆಸ್ಪತ್ರೆ ತುಂಬಿತು. ಯಂತ್ರಗಳು ಸಾಲವು. ಆಗ ಬ್ಯೋರ್ನ್ ಇಬ್ಸೆನ್ನರ ಸಲಹೆಯಂತೆ ರೋಗಿಯ ಕುತ್ತಿಗೆಯಲ್ಲಿ ದ್ವಾರ ಮಾಡಿ ನಳಿಕೆಯನ್ನಿಟ್ಟು, ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲವನ್ನು ಕೈಯಿಂದ ಅದುಮುತ್ತ ಪ್ರಾಣಗಳನ್ನುಳಿಸಿದರು. ತಾನಾಗಿ ಹಿಗ್ಗುವ ಇಂದಿನ ಆಂಬು ಚೀಲವು ೧೯೫೬ರಲ್ಲಿ ಡೆನ್ಮಾರ್ಕಿನಲ್ಲಿಯೇ ಸಿದ್ಧವಾಯಿತು. ಯಂತ್ರವಿಲ್ಲದಿದ್ದರೂ, ತಿಳಿದವನೊಬ್ಬನು ತಿದ್ದಿದರೆ, ಸಾಧಾರಣರ ಕೈಯೇ ಶ್ವಾಸವನ್ನು ನಡೆಸಬಲ್ಲುದೆಂಬುದಕ್ಕೆ ಇದು ನಿದರ್ಶನ.

೪. ಈ ಸೀಮೆಯ ಪ್ರಸಂಗಗಳು

ತುಂಗೆಯ ದಡದ ಶೃಂಗೇರಿ, ಅಡಕೆ ಕಾಫಿಗಳ ಕೊಪ್ಪ, ಹಿಂದೆ ಎಡೇಹಳ್ಳಿಯೆನಿಸಿ ಈಗ ಭದ್ರಾ ಜಲಾಶಯದ ಹಿನ್ನೀರಿಗೆ ನೆರೆಯಾಗಿರುವ ನರಸಿಂಹರಾಜಪುರ, ಈ ಮೂರೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ತಾಲೂಕುಗಳು. ಇಲ್ಲಿ ಮನೆಗಳು ಒತ್ತಾಗಿರದೆ ತೋಟಕ್ಕೊಂದು, ಕಣಿವೆಗೊಂದು ಎಂಬಂತೆ ಚದುರಿವೆ. ಉಸಿರಾಟವನ್ನು ಕೆಡಿಸುವ ಪ್ರಸಂಗಗಳೂ ಈ ನೆಲದ ಬಾಳುವೆಯಿಂದಲೇ ಹುಟ್ಟುವುವು.

ಮೊದಲನೆಯದು ಹಾವಿನ ಕಡಿತ. ನಾಗರಹಾವು, ಕಟ್ಟುಹಾವು, ಕಾಳಿಂಗ ಇವುಗಳ ವಿಷವು ನರಕ್ಕೂ ಸ್ನಾಯುವಿಗೂ ಇರುವ ಸಂಬಂಧವನ್ನು ತಡೆಯುವುದು. ಕಟ್ಟುಹಾವು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ಗಾಯದ ಗುರುತು ಕಾಣುವುದೇ ಅಪರೂಪ, ನೋವೂ ಅಷ್ಟಿಲ್ಲ. ಬೆಳಗಾಗುವುದರೊಳಗೆ ಹೊಟ್ಟೆನೋವು, ಮುಚ್ಚಿ ಬರುವ ಕಣ್ಣೆವೆ, ತೊದಲುವ ಮಾತು, ಕಡೆಗೆ ಸೋಲುವ ಉಸಿರು. ಪ್ರತಿವಿಷವನ್ನು ಕೊಟ್ಟರೂ ಈ ಸೋಲು ಕೂಡಲೇ ತೊಲಗದು. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಲ್ಕು ಜಾತಿಯ ಹಾವುಗಳ ವಿಷಕ್ಕಾಗಿ ಮಾಡಿದುದು. ಕಾಳಿಂಗನು ಆ ನಾಲ್ಕರಲ್ಲಿ ಸೇರಿಲ್ಲ. ಆದುದರಿಂದ ಇಂತಹ ರೋಗಿಯನ್ನು ಉಳಿಸುವುದು ಬಹುಮಟ್ಟಿಗೆ ಕೃತಕಶ್ವಾಸವೇ. ಕೆಲವು ದಿನ ಉಸಿರನ್ನು ನಡೆಸಿಕೊಟ್ಟರೆ ಅವನು ಸಂಪೂರ್ಣ ಗುಣಹೊಂದಿ ಮನೆಗೆ ಹೋಗಬಲ್ಲನು. ನಳಿಕೆಯ ತಪ್ಪಿನಿಂದ ಇಂತಹವನು ಸತ್ತರೆ ಆ ಸಾವು ವಿಷದ್ದಲ್ಲ.

ಎರಡನೆಯದು ಅಡಕೆಯ ಮರ. ಮಳೆಗಾಲದ ಕೊಳೆರೋಗದ ವಿಷಯದಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಹೊಡೆಯುವುದಕ್ಕಾಗಿ ನೆನೆದು ಜಾರುವ ಮರವನ್ನು ಏರುವುದು ಇಂದಿಗೂ ತಪ್ಪಿಲ್ಲ. ಬಿದ್ದವನ ಕುತ್ತಿಗೆಯ ಮೂಳೆ ಮುರಿದಿದ್ದರೆ, ನಳಿಕೆಯನ್ನಿಡುವುದಕ್ಕಾಗಿ ತಲೆಯನ್ನು ಹಿಂದಕ್ಕೆ ಬಾಗಿಸಿದ ಮಾತ್ರಕ್ಕೆ ಬೆನ್ನುಹುರಿಗೆ ಗಾಯವಾಗಬಹುದು. ಮೂರನೆಯದು ತೋಟದ ಕೀಟನಾಶಕ ಹೊಟ್ಟೆ ಸೇರುವುದು. ಆಗ ಬಾಯಲ್ಲಿಯೂ ಶ್ವಾಸನಾಳದಲ್ಲಿಯೂ ನೀರು ಉಕ್ಕಿ ಬರುವುದು. ನಾಲ್ಕನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ, ಉಣ್ಣೆಯ ಕಡಿತದಿಂದ ಹರಡುವ ಈ ಜ್ವರ ಈ ಮೂರು ತಾಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. ಜ್ವರ ವಿಷಮಿಸಿದವರಲ್ಲಿ ರಕ್ತಸ್ರಾವದ ಸ್ವಭಾವವಿರುವುದರಿಂದ, ಮೂಗಿನ ಮೂಲಕ ನಳಿಕೆ ತೂರಿಸುವುದೂ ಪದೇ ಪದೇ ಗಂಟಲನ್ನು ಕೆದಕುವುದೂ ಅನರ್ಥಕರ.

೫. ಅತಿ ಘೋರವಾದ ಭ್ರಮೆ

ನಳಿಕೆಯನ್ನಿಡುವಾಗಿನ ಅಪಾಯಗಳಲ್ಲಿ ಅತಿ ಕೇಡಿನದು ಅದು ಅನ್ನನಾಳಕ್ಕೆ ಹೋಗುವುದು. ಅದಕ್ಕಿಂತ ಕೇಡಿನದು ಹಾಗೆ ಹೋದುದನ್ನು ಅರಿಯದಿರುವುದು. ಮೊದಲನೆಯದು ನಿಪುಣರ ಕೈಯಲ್ಲಿಯೂ ಆಗಬಹುದು. ಕೂಡಲೇ ತೆಗೆದರೆ ಹಾನಿಯಿಲ್ಲ. ಎರಡನೆಯದು ಮರಣ.

ಅರಿಯದಿರುವುದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ನಳಿಕೆ ಶ್ವಾಸನಾಳದಲ್ಲಿದೆಯೆಂಬುದಕ್ಕೆ ಬಹುಕಾಲದಿಂದ ಹೇಳಿಬಂದ ಹೇತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ‘ಎದೆ ಏರುತ್ತದೆ’: ಹೊಟ್ಟೆಗೆ ಗಾಳಿ ಹೊಕ್ಕರೂ ಎದೆಯ ಕೆಳಭಾಗ ಏರಿದಂತೆ ತೋರುವುದು. ‘ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳುತ್ತದೆ’: ಹೊಟ್ಟೆಯ ಶಬ್ದ ಎದೆಗೂ ಹರಿಯುವುದು. ‘ನಳಿಕೆಯಲ್ಲಿ ಮಂಜು ಕಟ್ಟುತ್ತದೆ’: ಅನ್ನನಾಳದ ತೇವದಿಂದಲೂ ಮಂಜು ಕಟ್ಟುವುದು. ‘ರಕ್ತದ ಆಮ್ಲಜನಕ ಇಳಿದಿಲ್ಲ’: ಮೊದಲೇ ಆಮ್ಲಜನಕವನ್ನುಂಡ ದೇಹ ಕೆಲವು ನಿಮಿಷ ಆ ಸಂಗ್ರಹದಿಂದ ಬಾಳುವುದು; ಬೆರಳಿನ ಮಾಪಕ ಎಚ್ಚರಿಸುವ ಹೊತ್ತಿಗೆ ಕಾಲ ಮೀರಿರಬಹುದು. ‘ಧ್ವನಿತಂತುಗಳ ನಡುವೆ ಹೋದುದನ್ನು ಕಂಡೆ’: ಇದು ಬಲವಾದ ಹೇತು, ಆದರೆ ಕಂಡ ಮೇಲೆಯೂ ನಳಿಕೆ ಜಾರಬಹುದು. ತಾರ್ಕಿಕರ ಮಾತಿನಲ್ಲಿ ಇವೆಲ್ಲವೂ ಸಾಧ್ಯವಿಲ್ಲದೆಡೆಯಲ್ಲಿಯೂ ಇರಬಲ್ಲ ವ್ಯಭಿಚಾರಿ ಹೇತುಗಳು.

ವ್ಯಭಿಚಾರವಿಲ್ಲದ ಹೇತುವಿಗೆ ತೀರ ಹತ್ತಿರವಾದುದು ಒಂದೇ: ಹೊರಬರುವ ಉಸಿರಿನಲ್ಲಿರುವ ಇಂಗಾಲಾಮ್ಲವಾಯು, ಎಂದರೆ ಈಗಿನ ಪಾಠಪುಸ್ತಕಗಳ ಇಂಗಾಲದ ಡೈಆಕ್ಸೈಡು. ರಕ್ತದಿಂದ ಶ್ವಾಸಕೋಶಕ್ಕೆ ಬಂದು ಪ್ರತಿ ನಿಶ್ವಾಸದಲ್ಲಿಯೂ ಹೊರಡುವ ಈ ವಾಯು ಹೊಟ್ಟೆಯಿಂದ ಎಡೆಬಿಡದೆ ಬರಲಾರದು. ಕ್ಯಾಪ್ನೋಗ್ರಾಫೆಂಬ ಉಪಕರಣವು ಇದನ್ನು ಪ್ರತಿ ಉಸಿರಿಗೂ ಅಲೆಯ ರೂಪದಲ್ಲಿ ತೋರಿಸುವುದು. ಮುಖವಾಡದಿಂದ ಗಾಳಿ ಕೊಡುವಾಗ ಹೊಟ್ಟೆಗೆ ಹೊಕ್ಕ ಅಲ್ಪ ವಾಯುವಿನಿಂದ ಮೊದಲ ಕೆಲವು ಉಸಿರುಗಳಲ್ಲಿ ಸಣ್ಣ ಅಲೆಗಳೆದ್ದು ಅಡಗಬಹುದು. ಆ ಕಾರಣ ೨೦೨೨ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ಸೂತ್ರಗಳು ಕಡಿಮೆಯೆಂದರೆ ಏಳು ಉಸಿರುಗಳವರೆಗೆ ತಕ್ಕಷ್ಟು ಎತ್ತರದ ಅಲೆ ನಿಲ್ಲಬೇಕೆಂದು ವಿಧಿಸಿವೆ. ಅಲೆಯಿಲ್ಲದಿದ್ದರೆ ಎಡೆ ತಪ್ಪಿದೆಯೆಂದೇ ಮೊದಲು ಭಾವಿಸತಕ್ಕದ್ದು. ‘ಹೃದಯ ನಿಂತಿರುವುದರಿಂದ ಅಲೆಯಿಲ್ಲ’ ಎಂಬ ಸಮಾಧಾನವೂ ಸಲ್ಲದು. ಎದೆಯನ್ನು ಸರಿಯಾಗಿ ಅದುಮುತ್ತಿದ್ದರೆ ಆಗಲೂ ಅಲೆ ಕುಗ್ಗಿಯಾದರೂ ಕಾಣುವುದು. ಬ್ರಿಟನ್ನಿನಲ್ಲಿ ಶ್ವಾಸಮಾರ್ಗದ ದುರಂತಗಳನ್ನು ಕುರಿತು ೨೦೧೧ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಪರಿಶೀಲನೆಯು, ತೀವ್ರನಿಗಾ ಘಟಕಗಳಲ್ಲಿ ಸಂಭವಿಸಿದ ಇಂತಹ ಮರಣಗಳ ಪೈಕಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವುಗಳಲ್ಲಿ ಈ ಉಪಕರಣವನ್ನು ಬಳಸದಿದ್ದುದೂ ಒಂದು ಕಾರಣವಾಗಿರಬಹುದೆಂದು ನಿರ್ಣಯಿಸಿತು.

ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವು ಶೃಂಗೇರಿಯ ಶಾಸ್ತ್ರಪರಂಪರೆಗೆ ಚಿರಪರಿಚಿತವಾದುದು. ಅಲ್ಲಿ ಮಬ್ಬುಗತ್ತಲೆಯೂ ಭಯವೂ ಭ್ರಮೆಗೆ ಸಹಕಾರಿಗಳು. ಇಲ್ಲಿ ಅವಸರವೂ ಆಸೆಯೂ ಸಹಕಾರಿಗಳು: ನಳಿಕೆ ಸರಿಯಾಗಿ ಹೋಗಿರಲೆಂಬ ಬಯಕೆಯೇ ಹೋಗಿದೆಯೆಂಬ ನಿಶ್ಚಯದ ವೇಷ ಧರಿಸುವುದು. ದೀಪ ತಂದಲ್ಲದೆ ಹಾವು ಹಗ್ಗವಾಗದು. ಬಾಧಕಜ್ಞಾನವಿಲ್ಲದೆ ಭ್ರಮೆ ತೊಲಗದು. ತಾಲೂಕಿನ ಆಸ್ಪತ್ರೆಯಲ್ಲಿ ಅಲೆ ತೋರಿಸುವ ಯಂತ್ರವಿಲ್ಲದಿದ್ದರೆ, ಇಂಗಾಲಾಮ್ಲವಾಯು ತಗಲಿದೊಡನೆ ನೇರಿಳೆಯಿಂದ ಹಳದಿಗೆ ತಿರುಗುವ ಸಣ್ಣ ಸೂಚಕವನ್ನಾದರೂ ನಳಿಕೆಯ ತುದಿಗೆ ಜೋಡಿಸಬಹುದು. ಅದೂ ಇಲ್ಲದೆ ಸಂಶಯ ಉಳಿದರೆ ನಳಿಕೆಯನ್ನು ತೆಗೆದು ಮುಖವಾಡದಿಂದ ಉಸಿರು ಕೊಡುವುದೇ ಲೇಸು.

೬. ಇತರ ಅಪಾಯಗಳೂ ಪೂರ್ವಸಿದ್ಧತೆಯೂ

ನಳಿಕೆ ಸರಿಯಾದ ಎಡೆಯನ್ನೇ ಸೇರಿದರೂ, ಸೇರುವಷ್ಟರಲ್ಲಿ ರೋಗಿ ಕುಸಿಯಬಹುದು. ೨೯ ದೇಶಗಳ ೨,೯೬೪ ಮಂದಿ ವಿಷಮಸ್ಥಿತಿಯ ರೋಗಿಗಳನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಳಿಕೆಯಿಡುವ ಹೊತ್ತಿನಲ್ಲಾಗಲಿ ಅದರ ಬೆನ್ನಿಗಾಗಲಿ ನೂರಕ್ಕೆ ಸುಮಾರು ೪೫ ಜನಕ್ಕೆ ಒಂದಲ್ಲ ಒಂದು ದೊಡ್ಡ ತೊಡಕು ಒದಗಿತ್ತು. ರಕ್ತದೊತ್ತಡ ಕುಸಿದುದೇ ಮೊದಲಾದ ರಕ್ತಪರಿಚಲನೆಯ ತೊಡಕು ನೂರಕ್ಕೆ ಸುಮಾರು ೪೩, ಆಮ್ಲಜನಕ ತೀರ ಇಳಿದುದು ಸುಮಾರು ೯, ಹೃದಯ ನಿಂತುದು ಸುಮಾರು ೩. ರಕ್ತಪರಿಚಲನೆಯ ತೊಡಕೇ ಎಲ್ಲಕ್ಕಿಂತ ಹೆಚ್ಚೆಂಬುದು ಗಮನಾರ್ಹ. ನಿದ್ರೆ ಬರಿಸುವ ಔಷಧಗಳು ರಕ್ತನಾಳಗಳನ್ನು ಸಡಿಲಿಸುವುದರಿಂದಲೂ, ಯಂತ್ರದ ಒತ್ತಡ ಎದೆಗೆ ಮರಳುವ ರಕ್ತವನ್ನು ತಡೆಯುವುದರಿಂದಲೂ ಹೀಗಾಗುವುದು. ಆದುದರಿಂದ ಮೊದಲು ರಕ್ತದೊತ್ತಡವನ್ನು ಎತ್ತಿ ನಿಲ್ಲಿಸಿ, ಔಷಧದ ಪ್ರಮಾಣವನ್ನು ತಗ್ಗಿಸಿ, ಒತ್ತಡವೇರಿಸುವ ಔಷಧವನ್ನು ಕೈಯಳತೆಯಲ್ಲಿಟ್ಟುಕೊಂಡು ಕಾರ್ಯಕ್ಕೆ ತೊಡಗತಕ್ಕದ್ದು.

ಆಮ್ಲಜನಕದ ಸಂಗ್ರಹವು ಎರಡನೆಯ ಸಿದ್ಧತೆ. ಕೆಲವು ನಿಮಿಷ ಶುದ್ಧ ಆಮ್ಲಜನಕವನ್ನು ಉಸಿರಾಡಿದ ಆರೋಗ್ಯವಂತನು ಉಸಿರು ನಿಂತ ಮೇಲೂ ಹಲವು ನಿಮಿಷ ತಾಳಬಲ್ಲನು. ರೋಗಿಗೆ ಅಷ್ಟು ಅವಕಾಶವಿಲ್ಲ. ಬಿಗಿಯಾದ ಮುಖವಾಡದ ಮೂಲಕ ಒತ್ತಡದಿಂದ ಆಮ್ಲಜನಕ ಕೊಟ್ಟರೆ ಆಗುವ ಪ್ರಯೋಜನವನ್ನು ಅಮೆರಿಕದಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು: ಸಾಧಾರಣ ಮುಖವಾಡದವರಲ್ಲಿ ನೂರಕ್ಕೆ ೧೮.೫ ಜನಕ್ಕೆ ಆಮ್ಲಜನಕ ಅಪಾಯದ ಮಟ್ಟಕ್ಕಿಳಿಯಿತು. ಒತ್ತಡದ ಕ್ರಮದಲ್ಲಿ ೯.೧ ಜನಕ್ಕೆ ಮಾತ್ರ. ಅಲಗಿನ ತುದಿಯಲ್ಲಿ ಕ್ಯಾಮರಾ ಇರುವ ಲ್ಯಾರಿಂಗೋಸ್ಕೋಪಿನಿಂದ ಮೊದಲ ಪ್ರಯತ್ನದಲ್ಲಿಯೇ ಕಾರ್ಯ ಸಿದ್ಧಿಸಿದುದು ನೂರಕ್ಕೆ ೮೫, ಹಳೆಯ ಅಲಗಿನಿಂದ ೭೧ ಎಂದು ೨೦೨೩ರ ಮತ್ತೊಂದು ಪ್ರಯೋಗ ಹೇಳುವುದು. ಈ ಹೊಸ ಉಪಕರಣದಿಂದ ಕುತ್ತಿಗೆಯನ್ನು ಹೆಚ್ಚು ಬಾಗಿಸದೆ ದ್ವಾರವನ್ನು ಕಾಣಬಹುದಾದುದರಿಂದ, ಮರದಿಂದ ಬಿದ್ದವರಿಗೆ ಇದು ವಿಶೇಷ ಉಪಕಾರಿ. ಆದರೂ ಸಹಾಯಕನೊಬ್ಬನು ತಲೆ ಕುತ್ತಿಗೆಗಳನ್ನು ಒಂದೇ ರೇಖೆಯಲ್ಲಿ ಅಲುಗದಂತೆ ಹಿಡಿದಿರಲೇಬೇಕು.

ಹೊಟ್ಟೆಯಲ್ಲಿದ್ದುದು ಗಂಟಲಿಗೆ ಬಂದು ಶ್ವಾಸಕೋಶಕ್ಕಿಳಿಯುವುದು ಮೂರನೆಯ ಅಪಾಯ. ೧೯೪೬ರಲ್ಲಿ ಮೆಂಡೆಲ್ಸನ್ನರು ಹೆರಿಗೆಯ ಕಾಲದ ಅರಿವಳಿಕೆಯಲ್ಲಿ ಇದನ್ನು ವಿವರಿಸಿದರು. ಊಟವಾದೊಡನೆ ಹಾವು ಕಡಿದವನಿಗೂ ವಿಷ ಕುಡಿದವನಿಗೂ ಇದೇ ಭಯ. ತಲೆಯ ಕಡೆಯನ್ನೆತ್ತಿ ಮಲಗಿಸುವುದು, ದ್ರವವನ್ನೆಳೆಯುವ ಯಂತ್ರವನ್ನು ನಡೆಸಿಯೇ ಇಟ್ಟುಕೊಳ್ಳುವುದು ಇದರ ನಿವಾರಣೆ. ಕೀಟನಾಶಕದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಿಸುವ ಸಕ್ಸಿನೈಲ್‌ಕೋಲೀನೆಂಬ ಔಷಧವು, ಆರ್ಗನೋಫಾಸ್ಫೇಟ್ ವಿಷ ಹೊಕ್ಕ ದೇಹದಲ್ಲಿ ಬಹಳ ಹೊತ್ತು ನಿಲ್ಲುವುದು. ಅಲುಗುವ ಹಲ್ಲು, ಕಟ್ಟಿಸಿದ ಹಲ್ಲುಗಳ ಸಂಗತಿಯನ್ನು ಮೊದಲೇ ಕೇಳಿ ತಿಳಿಯುವುದು ಅಲ್ಪವೆಂದು ತೋರಿದರೂ ಅಲ್ಪವಲ್ಲ. ಕಳಚಿದ ಹಲ್ಲು ಶ್ವಾಸನಾಳಕ್ಕೆ ಬೀಳಬಹುದು.

ಇಷ್ಟಾದರೂ ನಳಿಕೆ ಹೋಗದಿದ್ದರೆ? ಪ್ರಯತ್ನ ಹೆಚ್ಚಿದಷ್ಟೂ ಗಂಟಲು ಊದಿ ರಕ್ತವೊಸರಿ ದಾರಿ ಇನ್ನಷ್ಟು ಮುಚ್ಚುವುದು. ಆದುದರಿಂದ ಭಾರತದ ಅರಿವಳಿಕೆ ತಜ್ಞರ ಸಂಘವೊಂದು ೨೦೧೬ರಲ್ಲಿ ಪ್ರಕಟಿಸಿದ ಸೂತ್ರಗಳು ಪ್ರಯತ್ನಗಳಿಗೆ ಮಿತಿಯನ್ನು ಹಾಕಿ, ನಡುನಡುವೆ ಆಮ್ಲಜನಕವನ್ನು ಕೊಡುವುದಕ್ಕೇ ಪ್ರಾಧಾನ್ಯವನ್ನಿತ್ತಿವೆ. ಮಿತಿ ಮುಟ್ಟಿದರೆ ಧ್ವನಿಪೆಟ್ಟಿಗೆಯ ಮೇಲೆ ಕುಳಿತುಕೊಳ್ಳುವ ಲ್ಯಾರಿಂಜಿಯಲ್ ಮಾಸ್ಕನ್ನು ಇಡಬಹುದು; ಯಾವುದರಿಂದಲೂ ವಾಯು ಹೋಗದಿದ್ದರೆ ಕುತ್ತಿಗೆಯ ಮುಂಭಾಗದಲ್ಲಿ ದ್ವಾರ ಮಾಡಬೇಕು. ನಳಿಕೆ ಹೋಗದಿದ್ದರೆ ರೋಗಿ ಸಾಯುವನೆಂಬುದು ತಪ್ಪು ತಿಳಿವಳಿಕೆ. ವಾಯು ಹೋಗದಿದ್ದರೆ ಸಾಯುವನು. ನಳಿಕೆಯಿಡುವ ಅಭ್ಯಾಸ ವಿರಳವಾದ ಸಣ್ಣ ಆಸ್ಪತ್ರೆಯಲ್ಲಿ ಚೀಲವನ್ನೂ ಮುಖವಾಡವನ್ನೂ ಚೆನ್ನಾಗಿ ಹಿಡಿಯಬಲ್ಲ ಇಬ್ಬರು ದಾದಿಯರಿದ್ದರೆ, ಅವರೇ ಒಂದು ಜೀವದ ಆಧಾರ.

೨೦೦೫ರಲ್ಲಿ ಇಂಗ್ಲೆಂಡಿನ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಸಣ್ಣ ಶಸ್ತ್ರಚಿಕಿತ್ಸೆಗೆಂದು ಬಂದ ಆರೋಗ್ಯವಂತ ತಾಯಿಯೊಬ್ಬಳಿಗೆ ನಳಿಕೆಯಿಡಲಾಗದೆ, ಅನುಭವಿಗಳಾದ ವೈದ್ಯರೇ ಕಾಲದ ಪರಿವೆಯಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸಿದರು. ಕುತ್ತಿಗೆಯಲ್ಲಿ ದ್ವಾರ ಮಾಡುವ ಸಾಮಗ್ರಿ ಸಿದ್ಧವಿದೆಯೆಂದು ದಾದಿಯೊಬ್ಬಳು ತಿಳಿಸಿದಳು. ಅದು ಅವರ ಗಮನಕ್ಕೆ ಬೀಳಲಿಲ್ಲ. ಆಕೆ ಉಳಿಯಲಿಲ್ಲ. ಅವಳ ಪತಿ ವಿಮಾನಚಾಲಕ. ವಿಮಾನದಲ್ಲಿ ಕಿರಿಯನು ಹಿರಿಯನನ್ನು ಎಚ್ಚರಿಸುವ ಮಾತಿಗೆ ನಿಯಮವೇ ಇರುವಾಗ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಏಕಿರಬಾರದೆಂದು ಅವರು ಆ ಬಳಿಕ ವೈದ್ಯಲೋಕವನ್ನೆಚ್ಚರಿಸಿದರು. ‘ಮೂರನೆಯ ಪ್ರಯತ್ನವಾಯಿತು, ಸಾರ್’ ಎಂದು ದಾದಿ ಗಟ್ಟಿಯಾಗಿ ಹೇಳಬೇಕೆಂದು ಮೊದಲೇ ಗೊತ್ತುಮಾಡಿದರೆ ಅದು ಅವಿಧೇಯತೆಯಾಗದು. ಅದು ಚಿಕಿತ್ಸೆಯ ಅಂಗ.

೭. ಘಟ್ಟದ ದಾರಿ

ಈ ಸೀಮೆಯಲ್ಲಿ ನಳಿಕೆಯಿಟ್ಟ ರೋಗಿಯ ಕಥೆ ತಾಲೂಕಿನ ಆಸ್ಪತ್ರೆಯಲ್ಲಿಯೇ ಮುಗಿಯುವುದು ಅಪರೂಪ. ಅವನನ್ನು ಶಿವಮೊಗ್ಗಕ್ಕೋ, ಚಿಕ್ಕಮಗಳೂರಿಗೋ, ಘಟ್ಟವಿಳಿದು ಮಣಿಪಾಲ ಮಂಗಳೂರುಗಳಿಗೋ ಸಾಗಿಸಬೇಕಾಗುವುದು. ೨೦೦೮ರಲ್ಲಿ ಕರ್ನಾಟಕದಲ್ಲಿ ಆರಂಭವಾದ ೧೦೮ರ ವಾಹನ ಸೇವೆಯಿಂದ ಉಪಕಾರವಾಗಿದೆಯಾದರೂ ದಾರಿಯ ತಿರುವುಗಳು ತಪ್ಪಿಲ್ಲ. ಆಗುಂಬೆಯ ಘಾಟಿಯೊಂದರಲ್ಲಿಯೇ ಹದಿನಾಲ್ಕು ಕಡಿದಾದ ತಿರುವುಗಳಿವೆ.

ತಿರುವಿಗೂ ನಳಿಕೆಗೂ ಸಂಬಂಧವಿದೆ. ಗದ್ದ ಎದೆಯ ಕಡೆಗೆ ಬಾಗಿದರೆ ನಳಿಕೆಯ ತುದಿ ಸುಮಾರು ಎರಡು ಸೆಂಟಿಮೀಟರು ಒಳಕ್ಕಿಳಿಯುವುದು. ತಲೆ ಹಿಂದಕ್ಕೆ ಬಾಗಿದರೆ ಅಷ್ಟೇ ಮೇಲಕ್ಕೇರುವುದು. ಇಡೀ ನಾಳವೇ ೧೦, ೧೨ ಸೆಂಟಿಮೀಟರಿರುವಾಗ ಇದು ಅಲ್ಪವಲ್ಲ. ಮಕ್ಕಳಲ್ಲಿ ಇನ್ನೂ ಹೆಚ್ಚಿನ ಅಪಾಯ. ಹೊರಡುವ ಮುನ್ನ ನಳಿಕೆಯನ್ನು ಭದ್ರವಾಗಿ ಕಟ್ಟಿ, ಹಲ್ಲಿನ ಬಳಿಯ ಗುರುತಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ತಲೆ ಹೊರಳದಂತೆ ಎರಡು ಕಡೆಯೂ ಒತ್ತುಕೊಡಬೇಕು. ಮಂಚದಿಂದ ವಾಹನಕ್ಕೆ, ವಾಹನದಿಂದ ಮಂಚಕ್ಕೆ ಬದಲಾಯಿಸಿದಾಗಲೆಲ್ಲ ಅಲೆಯನ್ನೂ ಸಂಖ್ಯೆಯನ್ನೂ ಮತ್ತೆ ನೋಡಬೇಕು. ಹೊರಡುವಾಗ ಪ್ರಮಾಣಿತವಾದುದು ತಲಪುವವರೆಗೆ ಪ್ರಮಾಣವಾಗಿ ಉಳಿಯದು.

ದಾರಿಯಲ್ಲಿ ಆಮ್ಲಜನಕ ಇಳಿಯತೊಡಗಿದರೆ ನಾಲ್ಕು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳತಕ್ಕದ್ದು. ನಳಿಕೆ ಸರಿದಿದೆಯೆ? ಕಫದಿಂದಲೋ ರಕ್ತದಿಂದಲೋ ಕಟ್ಟಿಕೊಂಡಿದೆಯೆ? ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ತುಂಬಿದೆಯೆ? ಯಂತ್ರವಾಗಲಿ ಆಮ್ಲಜನಕದ ಕೊಳವೆಯಾಗಲಿ ಕೆಟ್ಟಿದೆಯೆ? ಯಂತ್ರದಿಂದ ಬಿಡಿಸಿ ಚೀಲವನ್ನು ಕೈಯಲ್ಲಿ ಅದುಮಿದರೆ ಕಡೆಯ ಪ್ರಶ್ನೆಗೆ ಉತ್ತರ ಆ ಕ್ಷಣವೇ ದೊರೆಯುವುದು. ಮೊದಲೇ ಮಾಡಬೇಕಾದ ಲೆಕ್ಕ ಇನ್ನೊಂದುಂಟು. ೧,೫೦೦ ಲೀಟರು ಹಿಡಿಯುವ ಸಿಲಿಂಡರು ತುಂಬಿದ್ದರೆ ನಿಮಿಷಕ್ಕೆ ೧೦ ಲೀಟರಿನಂತೆ ೧೫೦ ನಿಮಿಷ ಬರುವುದು; ಅರ್ಧವೇ ಇದ್ದರೆ ೭೫ ನಿಮಿಷ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ ಈ ಸೀಮೆಯಲ್ಲಿ, ಪ್ರಯಾಣದ ಕಾಲವನ್ನು ಇಮ್ಮಡಿಯೆಂದೆಣಿಸಿ ಸಿಲಿಂಡರನ್ನು ಒಯ್ಯುವುದು ವಿವೇಕ.

೮. ಅನಂತರದ ಅಪಾಯಗಳು

ನಳಿಕೆ ದಿನಗಟ್ಟಲೆ ಇದ್ದರೆ ಬಾಯಿಯ ದ್ರವ ಉಂಗುರದ ಸಂದಿನಿಂದ ಇಳಿದು ಶ್ವಾಸಕೋಶದಲ್ಲಿ ಸೋಂಕು ಹತ್ತುವುದು. ತಲೆಯ ಕಡೆಯನ್ನು ೩೦ರಿಂದ ೪೫ ಡಿಗ್ರಿ ಎತ್ತಿಡುವುದು, ಬಾಯನ್ನು ಶುಚಿಯಾಗಿಡುವುದು, ಕೈ ತೊಳೆಯುವುದು, ನಿದ್ರೌಷಧವನ್ನು ದಿನಕ್ಕೊಮ್ಮೆ ತಗ್ಗಿಸಿ ನಳಿಕೆಯನ್ನು ತೆಗೆಯಬಹುದೆ ಎಂದು ನೋಡುವುದು, ಇವು ನಿವಾರಣೋಪಾಯಗಳು. ಉಂಗುರದ ಒತ್ತಡ ೨೦ರಿಂದ ೩೦ ಸೆಂಟಿಮೀಟರು ನೀರಿನ ಮಟ್ಟದಲ್ಲಿರಬೇಕು. ಅದಕ್ಕಿಂತ ಕಡಿಮೆಯಾದರೆ ದ್ರವ ಇಳಿಯುವುದು. ಹೆಚ್ಚಾದರೆ ನಾಳದ ಗೋಡೆಗೆ ರಕ್ತ ಹರಿಯದೆ ಹುಣ್ಣಾಗಿ, ಮಾದು, ನಾಳವೇ ಕಿರಿದಾಗುವುದು. ಈ ಕಿರಿದಾಗುವಿಕೆ ನಳಿಕೆ ತೆಗೆದು ಕೆಲವು ವಾರಗಳಾದ ಮೇಲೆ, ರೋಗಿ ಊರಿಗೆ ಮರಳಿ ಕೆಲಸಕ್ಕೆ ತೊಡಗಿದಾಗ, ಏರುವ ಉಬ್ಬಸವಾಗಿಯೂ ಸಿಳ್ಳಿನಂತಹ ಉಸಿರಾಗಿಯೂ ತೋರಬಹುದು. ದಮ್ಮೆಂದು ಭಾವಿಸಿ ಔಷಧ ತಿನ್ನುತ್ತ ಕಾಲ ಕಳೆಯುವುದುಂಟು. ಹಿಂದೆ ನಳಿಕೆಯಿಟ್ಟಿದ್ದರೆಂಬ ಒಂದು ಮಾತನ್ನು ಹೊಸ ವೈದ್ಯನಿಗೆ ಹೇಳಿದರೆ ಈ ತಪ್ಪು ತಪ್ಪುವುದು.

೯. ಮಾತಿನ ಕರ್ತವ್ಯ

ಕಡೆಯದಾಗಿ, ಈ ಪತ್ರಿಕೆಯ ವಾಚಕರಿಗೆ ನೇರವಾಗಿ ಸಂಬಂಧಿಸಿದ ಸಂಗತಿ. ‘ಪೈಪು ಹಾಕಿದ ಮೇಲೆ ಒಂದು ಮಾತೂ ಆಡಲಿಲ್ಲ’ ಎಂದು ಮನೆಯವರು ದುಃಖಿಸುವುದುಂಟು. ನಳಿಕೆಯೇ ಸಾವನ್ನು ತಂದಿತೆಂದೂ, ಇನ್ನು ಆಸೆಯಿಲ್ಲವೆಂದೂ ತಿಳಿದು ಒಪ್ಪಿಗೆ ಕೊಡದವರೂ ಉಂಟು. ಧ್ವನಿತಂತುಗಳ ನಡುವೆ ನಳಿಕೆಯಿರುವುದರಿಂದ ಮಾತು ನಿಂತಿದೆ, ಪ್ರಜ್ಞೆಯಲ್ಲ. ತೆಗೆದ ಮೇಲೆ ದನಿ ಕೆಲವು ದಿನ ಒಡಕಾಗಿದ್ದು ಸಾಮಾನ್ಯವಾಗಿ ಸರಿಹೋಗುವುದು. ಇಷ್ಟನ್ನು ತಿಳಿಗನ್ನಡದಲ್ಲಿ ಮೊದಲೇ ಹೇಳಿದರೆ ಬಹಳ ಭಯ ತಗ್ಗುವುದು. ಕಟ್ಟುಹಾವು ಕಡಿದವನ ಸ್ಥಿತಿ ಇನ್ನೂ ಕರುಣಾಜನಕ. ಕಣ್ಣೆವೆಯನ್ನೂ ಎತ್ತಲಾರದೆ ಸತ್ತವನಂತೆ ಬಿದ್ದಿದ್ದರೂ ಅವನಿಗೆ ಎಲ್ಲವೂ ಕೇಳುತ್ತಿರಬಹುದು, ನೋವೂ ತಿಳಿಯುತ್ತಿರಬಹುದು. ಅವನಿಗೆ ನೋವು ನಿವಾರಕವನ್ನು ಕೊಡಬೇಕು. ಹೆಸರು ಹಿಡಿದು ಮಾತಾಡಿಸಬೇಕು. ಅವನ ಮಂಚದ ಬಳಿ ಆಶಾಭಂಗದ ಮಾತನ್ನಾಡಬಾರದು.

ಎಚ್ಚರವಾಗಿದ್ದು ಕೈಯಾಡಿಸಬಲ್ಲ ರೋಗಿಗೆ ಅಕ್ಷರಗಳ ಹಲಗೆಯನ್ನು ತೋರಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿದೆ. ಆದರೆ ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಆ ಹಲಗೆ ಒಗ್ಗದು. ‘ಉಸಿರು ಸಾಲದು’ ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವಷ್ಟರಲ್ಲಿ ಉಸಿರೇ ಮುಗಿದೀತು. ನಮಗೆ ಬೇಕಾದುದು ಇಡಿಯ ಪದಗಳ ಹಲಗೆ: ನೋವು, ಬಾಯಾರಿಕೆ, ಉಸಿರು ಸಾಲದು, ಕಫ, ಸೆಖೆ, ಚಳಿ, ಮನೆಯವರು, ಹೌದು, ಅಲ್ಲ. ಓದಲರಿಯದವರಿಗೆ ಪಕ್ಕದಲ್ಲಿ ಚಿತ್ರ ಬೇಕು. ಮಲೆನಾಡಿನಲ್ಲಿ ತುಳು ಕೊಂಕಣಿಗಳ ಮನೆಮಾತಿನವರೂ ಇರುವುದರಿಂದ ಅವರ ಪದಗಳೂ ಬೇಕು. ಯಾವ ಪದ ಯಾವ ಊರಿನಲ್ಲಿ ಸಹಜ, ಯಾವುದು ಮುದುಕರಿಗೆ ತಿಳಿಯುವುದು, ಯಾವುದು ಭಯ ಹುಟ್ಟಿಸುವುದು ಎಂಬುದನ್ನು ವೈದ್ಯರಿಗಿಂತ ಚೆನ್ನಾಗಿ ಬಲ್ಲವರು ಭಾಷೆಯ ಅಧ್ಯಾಪಕರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಧ್ಯಾಪಕರು ತಮ್ಮ ಊರಿನ ಆಸ್ಪತ್ರೆಯ ದಾದಿಯರೊಡನೆ ಕುಳಿತು ಇಂತಹ ಒಂದೊಂದು ಹಲಗೆಯನ್ನು ಸಿದ್ಧಪಡಿಸಿದರೆ ವೆಚ್ಚ ಅತ್ಯಲ್ಪ. ಮಾತು ಕಳೆದುಕೊಂಡು ಮಲಗಿದವನಿಗೆ ಅದರಿಂದಾಗುವ ಉಪಕಾರ ಬಹಳ.